ಪೆರುಮಾಳ್ ಮುಂದೆ ಇಟ್ಟ ಚೀಟಿಗಳು: ಸಾಲದ ದಿನಗಳ ನನ್ನ ಅನುಭವ

ಶರಣಾಗತಿ, ಅಂದರೆ ತನ್ನ ಭಾರವನ್ನೆಲ್ಲ ದೇವರಿಗೆ ಒಪ್ಪಿಸಿಬಿಡುವುದು, ಇರುವುದು ಮೋಕ್ಷಕ್ಕೆ, ಸಾಲ ತೀರಿಸಿಕೊಳ್ಳುವುದಕ್ಕಲ್ಲ ಎಂದು ನಮ್ಮ ಶ್ರೀವೈಷ್ಣವ ಗೋಷ್ಠಿಯ ಹಿರಿಯರೊಬ್ಬರು ಎಲ್ಲರೆದುರು ಹೇಳಿದ್ದರು. ಪೆರುಮಾಳ್ (ನಮ್ಮ ನಾರಾಯಣ) ಬಂದು ಬ್ಯಾಂಕಿನ ಕಂತು ಕಟ್ಟುತ್ತಾನೆಯೇ ಎಂದು ನನ್ನ ಹೆಂಡತಿಯ ತಮ್ಮ ಮನೆಯಲ್ಲೇ ಕೂತು ಕೇಳಿದ್ದ. ಆಗ ಇಬ್ಬರಿಗೂ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಇದೆ. ಹನ್ನೊಂದು ಲಕ್ಷದ ಹತ್ತಿರ ಹೋಗಿದ್ದ ಸಾಲ 2023ರ ದೀಪಾವಳಿಯ ಹೊತ್ತಿಗೆ ತೀರಿತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು: ಸಾಲ ಏಳೆಂಟು ಲಕ್ಷ ಉಳಿದಿದ್ದಾಗಲೇ ನನಗೆ ರಾತ್ರಿ ನಿದ್ದೆ ಬರತೊಡಗಿತ್ತು. ಹೇಗೆ ಎಂದು ಈಚೆಗೆ ಹಲವರು ಕೇಳುತ್ತಿದ್ದಾರೆ. ಕೇಳುವವರಲ್ಲಿ ಹೆಚ್ಚಿನವರು ನಮ್ಮ ಹಾಗೆಯೇ ಆಚಾರ್ಯರಿಂದ ಸಮಾಶ್ರಯಣ ಎಂಬ ದೀಕ್ಷೆ ಆದವರು, ಮನೆಯಲ್ಲಿ ತಿರುವಾರಾಧನೆ, ಅಂದರೆ ನಿತ್ಯದ ಪೂಜೆ, ಇಟ್ಟುಕೊಂಡವರು. ಆದ್ದರಿಂದ ದ್ವಯ, ಚರಮಶ್ಲೋಕ ಎಂಬ ಶರಣಾಗತಿಯ ಮಂತ್ರಗಳು, ಶರಣಾಗತಿಯ ಅಂಗಗಳು ಇವನ್ನೆಲ್ಲ ವಿವರಿಸುವ ಗೋಜಿಗೆ ಹೋಗದೆ ನೇರವಾಗಿ ನಾನು ಮಾಡಿದ್ದನ್ನು, ಅಂದರೆ ಒಂದೊಂದು ಚಿಂತೆಯನ್ನು ಚೀಟಿಯಲ್ಲಿ ಬರೆದು ಪೆರುಮಾಳ್ ಮುಂದೆ ಒಪ್ಪಿಸಿದ್ದನ್ನು, ಬರೆಯುತ್ತೇನೆ.

ನನ್ನದು ಮದುವೆ ಅಡುಗೆಯ ಕಂಟ್ರಾಕ್ಟು. ಹಿರಿಯರು ಮೇಲುಕೋಟೆಯವರು, ನಾನು ಇರುವುದು ಮೈಸೂರಿನಲ್ಲಿ. 2019ರಲ್ಲಿ ಕೆಲಸ ಚೆನ್ನಾಗಿತ್ತು. ಪ್ರತಿ ಸಲವೂ ಕೊಳಗ, ಬಾಣಲೆ, ಒಲೆಗಳನ್ನು ಬಾಡಿಗೆಗೆ ತರುವುದು ದುಬಾರಿ ಎನಿಸಿ ಬ್ಯಾಂಕಿನಿಂದ ಐದೂವರೆ ಲಕ್ಷದಷ್ಟು ತೆಗೆದು ಸ್ವಂತ ಪಾತ್ರೆಗಳು, ದೊಡ್ಡ ಗ್ರೈಂಡರು, ಹಳೆಯದೊಂದು ಟೆಂಪೋ ಕೊಂಡೆ. ಸಾಲದೇ ಹೋದದ್ದಕ್ಕೆ ಮೂರು ಲಕ್ಷ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಒಂದೂಕಾಲು ಲಕ್ಷಕ್ಕೆ ಒಡವೆ ಅಡವಿಟ್ಟೆ. ವೈಶಾಖದ ಮುಹೂರ್ತಗಳಿಗೆಂದು ಎಂಟೊಂಬತ್ತು ಮನೆಯವರು ಮುಂಗಡ ಕೊಟ್ಟಿದ್ದರು, ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರದ ಸುಮಾರು. ಆ ಹಣ ಆಗಲೇ ಪಾತ್ರೆಯಾಗಿ ಮನೆ ಸೇರಿತ್ತು.

2020ರ ಮಾರ್ಚ್ 25, ಯುಗಾದಿಯ ದಿನ, ಕೊರೋನಾ ಕಾರಣಕ್ಕೆ ದೇಶವೆಲ್ಲ ಮುಚ್ಚಿತು. ಆ ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟವರೆಲ್ಲರೂ ಫೋನ್ ಮಾಡಿದ್ದರು. ಆಮೇಲೆ ಮದುವೆಗೆ 50 ಜನರ ಮಿತಿ ಬಂತು. 50 ಎಲೆಯ ಅಡುಗೆಗೆ ಯಾರೂ ಕಂಟ್ರಾಕ್ಟು ಕೊಡುವುದಿಲ್ಲ, ಮನೆಯ ಹೆಂಗಸರೇ ಮಾಡಿ ಮುಗಿಸುತ್ತಾರೆ. ರಿಸರ್ವ್ ಬ್ಯಾಂಕು ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆದರೆ ಬಡ್ಡಿ ಓಡುತ್ತಲೇ ಇತ್ತು. ಕೈಸಾಲದವರಿಗೆ ರಿಸರ್ವ್ ಬ್ಯಾಂಕಿನ ಮಾತು ಅನ್ವಯಿಸುವುದಿಲ್ಲ. ತಿಂಗಳಾಯಿತೆಂದರೆ ಒಂಬತ್ತು ಸಾವಿರ.

ಶರಣಾಗತಿಯ ದಾರಿಗೆ ಬರುವ ಮುಂಚೆ ನಾನು ಪ್ರಯತ್ನಿಸಿದ್ದನ್ನು ಹೇಳಲೇಬೇಕು, ಏಕೆಂದರೆ ನೀವೂ ಅಲ್ಲಿಂದಲೇ ಶುರುಮಾಡುತ್ತೀರಿ. ಮೊದಲನೆಯದು ಹರಕೆ. ತಿರುಪತಿಗೆ ಮುಡಿಪು ಕಟ್ಟಿದೆ. ಒಂದು ವಾರ ಏನೂ ಆಗಲಿಲ್ಲವೆಂದು ಇನ್ನೊಂದು ಕ್ಷೇತ್ರಕ್ಕೆ ಹೇಳಿಕೊಂಡೆ, ಅದರ ಮೇಲೆ ಮತ್ತೊಂದು. ಕೊನೆಗೆ ಏಳೆಂಟು ಹರಕೆಗಳಾದವು, ತೀರಿಸಲು ಬೇಕಾದ ಹಣವೇ ನಲವತ್ತು ಸಾವಿರ ಮೀರುವಷ್ಟು. ಅಂದರೆ ಮನುಷ್ಯರ ಸಾಲದ ಜೊತೆಗೆ ದೇವರುಗಳ ಸಾಲವೂ ಸೇರಿತು. ಎರಡನೆಯದು ಹೋಮ. ಜಾತಕ ನೋಡಿದವರೊಬ್ಬರು ಸುದರ್ಶನ ಹೋಮ ಹೇಳಿದರು, ಜೊತೆಗೆ ಹವಳದ ಉಂಗುರ. ಎರಡಕ್ಕೂ ಸೇರಿ ಮೂವತ್ತು ಸಾವಿರದಷ್ಟಾಯಿತು, ಅದೂ ಕಡದ ಹಣ. ಹೋಮದ ಮೇಲೆ ನನಗೆ ಅಗೌರವವಿಲ್ಲ. ಆದರೆ ಪೂರ್ಣಾಹುತಿಯ ಹೊತ್ತಿಗೆ ನಾನು ಕಿಸೆಯಲ್ಲಿದ್ದ ಮೊಬೈಲ್ ಅಲುಗಿತೇ ಎಂದು ನೋಡುತ್ತಿದ್ದೆ. ಮೂರನೆಯದು ಲೆಕ್ಕದ ಜಪ. ಒಂದು ಲಕ್ಷ ಮುಗಿಸುವ ಸಂಕಲ್ಪ ಮಾಡಿದೆ. ಬೆಳಗ್ಗೆ ಎದ್ದರೆ ಇಂದಿನ ಸಂಖ್ಯೆ ಮುಗಿಯುವುದೋ ಇಲ್ಲವೋ ಎಂಬುದೇ ಹೊಸ ಚಿಂತೆಯಾಯಿತು.

ನಾಲ್ಕನೆಯದು ಸುಮ್ಮನೆ ಕೂರುವುದು. ತಾಯಿ ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುವಂತೆ ದೇವರೇ ಕಾಯುತ್ತಾನೆ ಎಂಬ ಮಾರ್ಜಾಲ ನ್ಯಾಯವನ್ನು ಅಕ್ಷರಶಃ ಹಿಡಿದುಕೊಂಡು, ಅವನೇ ಎತ್ತಿಕೊಂಡು ಹೋಗಲಿ ಎಂದು ತಿಂಗಳೊಂದೂವರೆ ಕಾಲ ಕೈಸಾಲದವರ ಫೋನ್ ಎತ್ತದೆ ಇದ್ದುಬಿಟ್ಟೆ. ಹೊರಗೆ ನೋಡುವವರಿಗೆ ಅದು ವಿಶ್ವಾಸದ ಹಾಗೆ ಕಾಣುತ್ತಿತ್ತು. ಒಳಗೆ ಗೇಟಿನ ಸದ್ದಾದರೆ ಎದೆ ಹಾರುತ್ತಿತ್ತು. ಎದೆ ಹಾರುವ ತನಕ ಅದನ್ನು ಶರಣಾಗತಿ ಎಂದು ಕರೆಯಬೇಡಿ. ಅದು ಅಡಗಿಕೊಳ್ಳುವುದು ಅಷ್ಟೆ. ಆ ಹೊತ್ತಿಗೆ ಬಡ್ಡಿಯ ಮೇಲೆ ಬಡ್ಡಿ ಸೇರಿ ಕೈಸಾಲ ಮೂರೂಕಾಲು ಲಕ್ಷಕ್ಕೆ ಏರಿತ್ತು.

ಆ ವರ್ಷದ ನವರಾತ್ರಿಯ ಸುಮಾರಿಗೆ ಮೇಲುಕೋಟೆಗೆ ಹೋದೆ. ಅಲ್ಲಿ ನಮಗೆ ದೂರದ ಸಂಬಂಧದ ಚಿಕ್ಕಪ್ಪ ಒಬ್ಬರಿದ್ದಾರೆ, ಎಂಬತ್ತು ದಾಟಿದವರು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿಕೊಂಡೆ. ಅವರು ಹರಕೆ, ಹೋಮ, ಉಂಗುರ, ಜಪದ ಲೆಕ್ಕ ಎಲ್ಲವನ್ನೂ ಕೇಳಿಸಿಕೊಂಡು ಬ್ರಹ್ಮಾಸ್ತ್ರದ ಪ್ರಸಂಗ ನೆನಪಿಸಿದರು. ನಿಮಗೆಲ್ಲ ಗೊತ್ತಿರುವುದೇ: ಹನುಮಂತನನ್ನು ಬ್ರಹ್ಮಾಸ್ತ್ರ ಕಟ್ಟಿಹಾಕಿತ್ತು, ರಾಕ್ಷಸರು ಅದು ಸಾಲದೆಂದು ಮೇಲೆ ಹಗ್ಗ ಬಿಗಿದರು, ಅಸ್ತ್ರ ತಾನಾಗಿಯೇ ಬಿಟ್ಟುಹೋಯಿತು. "ನೀನು ಎಷ್ಟು ಹಗ್ಗ ಬಿಗಿದಿದ್ದೀಯಪ್ಪಾ, ಎಣಿಸು" ಎಂದರು. ನಾನು ಚಿಕ್ಕಂದಿನಿಂದ ಉಪನ್ಯಾಸಗಳಲ್ಲಿ ಕೇಳಿದ್ದ ಮಾತು, ಆದರೆ ನನ್ನ ಏಳೆಂಟು ಹರಕೆಗಳಿಗೆ ಯಾರೂ ಅದನ್ನು ಜೋಡಿಸಿ ಹೇಳಿರಲಿಲ್ಲ.

ಅವರು ಹೇಳಿದ ಎರಡನೆಯ ಮಾತು ಇನ್ನೂ ಕೆಲಸಕ್ಕೆ ಬಂತು. "ನನ್ನ ಕಷ್ಟವೆಲ್ಲ ನಿನ್ನದು ಎಂದು ಒಟ್ಟಾರೆ ಹೇಳಿದರೆ ಏನನ್ನೂ ಕೊಟ್ಟ ಹಾಗಾಗಲಿಲ್ಲ. ಮದುವೆ ಮನೆಯವರಿಗೆ ದಿನಸಿ ಚೀಟಿ ಬರೆಯುವಾಗ ಸಾಮಾನು ಬೇಕು ಎಂದಷ್ಟೇ ಬರೆಯುತ್ತೀಯೇನು?" ವಿಧಾನವೆಲ್ಲ ಇದರಿಂದಲೇ ಹುಟ್ಟಿತು. ಉಳಿದದ್ದನ್ನು ನಾನು ಸ್ವತಃ ಮಾಡಿ ನೋಡಿ ಸರಿಮಾಡಿಕೊಂಡೆ, ಅದರ ಹೆಮ್ಮೆ ನನಗಿದೆ.

ನಾನು ಮಾಡುವುದು ಹೀಗೆ. ಒಂದು ವಿಷಯಕ್ಕೆ ಒಂದು ಚೀಟಿ. ಮೊತ್ತ, ವ್ಯಕ್ತಿಯ ಹೆಸರು, ವಾಯಿದೆ ಇವು ಮೂರೂ ಇರಬೇಕು. ಅದರ ಕೆಳಗೆ ಈ ವಾರ ನನ್ನ ಕೈಯಿಂದ ಆಗುವ ಕೆಲಸ. ಮೂರು ಸಾಲಿಗಿಂತ ಹೆಚ್ಚು ಬರೆಯಬಾರದು, ಹೆಚ್ಚು ಬರೆದರೆ ಅದು ಮತ್ತೆ ನನ್ನ ಚಿಂತೆಯ ಪಟ್ಟಿಯಾಗುತ್ತದೆ. ಬೆಳಗಿನ ತಿರುವಾರಾಧನೆಯಲ್ಲಿ ತಳಿಗೆ (ನೈವೇದ್ಯ) ಸಮರ್ಪಿಸಿದ ಮೇಲೆ ಚೀಟಿಯನ್ನು ಸಾಲಿಗ್ರಾಮದ ಪೆಟ್ಟಿಗೆಯ ಮುಂದಿಟ್ಟು ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನೊಳಗೆ ಓದಿದರೆ ನನಗೆ ಪ್ರಯೋಜನವಾಗಲಿಲ್ಲ. ಹೆಂಡತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿದಾಗ, ಮುಚ್ಚಿಟ್ಟ ಸಾಲವೊಂದು ಮನೆಯಲ್ಲಿ ಬಯಲಾಯಿತು, ಅದರಿಂದಲೇ ಅರ್ಧ ಭಾರ ಇಳಿಯಿತು. ಓದುವ ಮುಂಚೆ ಹೇಳಬೇಕಾದ ಒಂದು ಸಾಲನ್ನು ಚಿಕ್ಕಪ್ಪ ಕೊಟ್ಟಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನೋ ಆಚಾರ್ಯರನ್ನೋ ಕೇಳಿ ನಿಮ್ಮದನ್ನು ಪಡೆದುಕೊಳ್ಳಿ.

ಓದಿದ ಮೇಲೆ ಚೀಟಿ ಒಂದು ತಗಡಿನ ಡಬ್ಬಿಗೆ ಹೋಗುತ್ತದೆ. ಆ ವಿಷಯ ಹೀಗೋ ಹಾಗೋ ಮುಗಿಯುವ ತನಕ ಅದನ್ನು ತೆಗೆಯುವಂತಿಲ್ಲ, ಮತ್ತೆ ಓದುವಂತಿಲ್ಲ, ಅದೇ ವಿಷಯಕ್ಕೆ ಎರಡನೆಯ ಚೀಟಿ ಬರೆಯುವಂತಿಲ್ಲ. ಪ್ರಪತ್ತಿ, ಅಂದರೆ ಶರಣಾಗತಿ, ಒಂದೇ ಸಲ ಎಂದು ನಮ್ಮವರು ಹೇಳುವುದು ಇದಕ್ಕೇ ಎಂದು ನಾನು ತಿಳಿದುಕೊಂಡಿದ್ದೇನೆ. ಕೈಯ ಕೆಲಸ ಮಾತ್ರ ವಾರವಾರವೂ ಬದಲಾಗುತ್ತದೆ, ಅದಕ್ಕೆ ಬೇರೆ ಪುಸ್ತಕವಿದೆ. ಚಿಂತೆ ಮತ್ತೆ ಬರುತ್ತದೆ, ಖಂಡಿತ ಬರುತ್ತದೆ, ಹೆಚ್ಚಾಗಿ ರಾತ್ರಿ ಎರಡು ಮೂರು ಗಂಟೆಗೆ. ಬಂದಾಗ "ಇದನ್ನು ಒಪ್ಪಿಸಿಯಾಗಿದೆ" ಎಂದು ಹೇಳಿ ಎದ್ದು ಕೈಗೆ ಏನಾದರೂ ಕೆಲಸ ಕೊಡುತ್ತೇನೆ. ಹುಣಸೆಹಣ್ಣಿನ ಬೀಜ ಬಿಡಿಸುವುದು ನನಗೆ ಒಗ್ಗಿದ ಕೆಲಸ. ಮೊದಲ ತಿಂಗಳಲ್ಲಿ ರಾತ್ರಿಗೆ ಎರಡು ಕಿಲೋ ಬಿಡಿಸುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಅರ್ಧ ಕಿಲೋ ಮುಗಿಯುವ ಮುಂಚೆ ತೂಕಡಿಕೆ ಬರುತ್ತಿತ್ತು. ವಿಧಾನ ನಡೆಯುತ್ತಿದೆಯೋ ಇಲ್ಲವೋ ಎಂದು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಿಲ್ಲ.

ಮೊದಲ ಚೀಟಿ ಕೈಸಾಲದ್ದು. "ಇಂಥವರಿಗೆ ಮೂರೂಕಾಲು ಲಕ್ಷ, ತಿಂಗಳಿಗೆ ಒಂಬತ್ತು ಸಾವಿರದ ಮೇಲೆ ಬಡ್ಡಿ. ಇದರ ಕೊನೆ ನಿನ್ನದು. ಫೋನ್ ಎತ್ತುವುದು, ನಿಜ ಹೇಳುವುದು ನನ್ನದು." ಓದಿ ಡಬ್ಬಿಗೆ ಹಾಕಿ ಅವರಿಗೆ ನಾನೇ ಫೋನ್ ಮಾಡಿದೆ. ಹೀಗಿದೆ ಸ್ಥಿತಿ, ಇಷ್ಟು ಮಾತ್ರ ಕೊಡಬಲ್ಲೆ ಎಂದೆ. ಅವರು ಮೊದಲು ಕೂಗಾಡಿದರು. ಎರಡು ದಿನ ಬಿಟ್ಟು ಅವರೇ ಮಾಡಿ, ಅಸಲಿನಲ್ಲಿ ತಿಂಗಳಿಗೆ ಐದಾರು ಸಾವಿರವಾದರೂ ಬರುವುದಾದರೆ ಬಡ್ಡಿಯನ್ನು ನೂರಕ್ಕೆ ಎರಡಕ್ಕೆ ಇಳಿಸುತ್ತೇನೆ ಎಂದರು. ನನ್ನ ಭಾವಮೈದುನ ಇದನ್ನು ಕೇಳಿ, ಅವರಿಗೆ ಹಣ ಮುಳುಗುವ ಭಯ, ಅದಕ್ಕೇ ಒಪ್ಪಿದರು ಎಂದ. ಇರಬಹುದು. ಆದರೆ ಆ ಫೋನ್ ಮಾಡುವ ಧೈರ್ಯ ನನಗೆ ಆರು ತಿಂಗಳಿಂದ ಇರಲಿಲ್ಲ, ಚೀಟಿ ಇಟ್ಟ ದಿನ ಬಂತು. ಅದನ್ನು ಕೊಟ್ಟವನು ಯಾರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಿರಿಯರ ಆಕ್ಷೇಪಕ್ಕೂ ಉತ್ತರ ಹುಡುಕಿದೆ. ದ್ರೌಪದಿ ಕೂಗಿದ್ದು ಮೋಕ್ಷಕ್ಕಲ್ಲ, ಮಾನಕ್ಕೆ. ಸೀತೆಯನ್ನು ಪೀಡಿಸಿದ ಕಾಗೆ, ಕಾಕಾಸುರ, ರಾಮನ ಕಾಲಿಗೆ ಬಿದ್ದದ್ದು ಪ್ರಾಣಕ್ಕೆ. ನಮ್ಮ ಆಚಾರ್ಯರು ಶರಣಾಗತಿಗೆ ಎತ್ತಿಕೊಡುವ ದೃಷ್ಟಾಂತಗಳೇ ಇವು. ಅವರಲ್ಲಿ ದೊಡ್ಡವರಾದ ವೇದಾಂತ ದೇಶಿಕರಂತೂ ಯಾವ ಫಲಕ್ಕೂ ಪ್ರಪತ್ತಿ ಸಲ್ಲುತ್ತದೆ ಎಂದವರು. ಇದನ್ನು ಗೋಷ್ಠಿಯಲ್ಲಿ ಹೇಳಿದಾಗ ಹಿರಿಯರು, "ಸಲ್ಲುತ್ತದೆ, ಆದರೆ ಚಿನ್ನ ಕೊಟ್ಟು ಸೊಪ್ಪು ಕೊಂಡ ಹಾಗೆ" ಎಂದರು. ಅವರ ಮಾತಿನಲ್ಲಿ ತೂಕವಿದೆ. ಆದರೂ ಮನೆಯಲ್ಲಿ ಸೊಪ್ಪಿಗೂ ಗತಿಯಿಲ್ಲದ ದಿನ ಅವನನ್ನು ಬಿಟ್ಟು ಬೇರೆ ಅಂಗಡಿಗೆ ಹೋಗುವುದಕ್ಕಿಂತ ಅವನಲ್ಲೇ ಕೇಳುವುದು ವಾಸಿ ಎಂದು ನಾನು ನಂಬಿದ್ದೇನೆ.

ಈಗ ಸಂಪಾದನೆಯ ವಿಷಯ. ಎರಡನೆಯ ಚೀಟಿಯಲ್ಲಿ ನನ್ನ ಕೈಯ ಕೆಲಸವೆಂದು ಬರೆದದ್ದು ಪುಳಿಯೋಗರೆ ಗೊಜ್ಜು ಮಾಡಿ ಮಾರುವುದು. ರಾತ್ರಿಯೆಲ್ಲ ಬಿಡಿಸಿದ ಹುಣಸೆಹಣ್ಣು ಎದುರಿಗೇ ಬಿದ್ದಿತ್ತಲ್ಲ. ಐದು ಕಿಲೋದ ಮೊದಲ ಪಾಕವನ್ನು ಅರ್ಧ ಬಿಸಿಯಿರುವಾಗಲೇ ಸೀಸೆಗೆ ತುಂಬಿದ್ದರಿಂದ ಮುಚ್ಚಳದಲ್ಲಿ ಬೆವರು ಕಟ್ಟಿ ಎರಡು ವಾರಕ್ಕೆ ಬೂಷ್ಟು ಹಿಡಿಯಿತು. ಎರಡನೆಯ ಪಾಕಕ್ಕೆ ಖರ್ಚು ಉಳಿಸಲು ಎಳ್ಳೆಣ್ಣೆಯ ಅರ್ಧಕ್ಕೆ ಕಡಲೆಕಾಯಿ ಎಣ್ಣೆ ಬೆರೆಸಿದೆ; ಕೆಡಲಿಲ್ಲ, ಆದರೆ ಮೇಲುಕೋಟೆಯ ನಾಲಿಗೆಗೆ ಅದು ಗೊಜ್ಜೇ ಅಲ್ಲ. ಮೂರನೆಯದು ಕೊರಿಯರಿನಲ್ಲಿ ಸೋರಿ ಬೆಂಗಳೂರಿನ ಗಿರಾಕಿಯೊಬ್ಬರ ಸೀರೆಯ ಪಾರ್ಸೆಲನ್ನೂ ಕೆಡಿಸಿತು, ಅದರ ದಂಡ ಎರಡು ಸಾವಿರದ ಮೇಲೆ. ಮೂರರಲ್ಲೂ ಸೇರಿ ಹದಿನೈದು ಸಾವಿರ ಹೋಗಿರಬಹುದು. ಕೊನೆಗೆ ಎಣ್ಣೆ ಪೂರ್ತಿ ಮೇಲೆ ತೇಲುವ ತನಕ ಕುದಿಸಿ, ಒಂದು ರಾತ್ರಿ ಬಟ್ಟೆ ಕಟ್ಟಿ ಆರಲು ಬಿಟ್ಟು, ಒಣಗಿಸಿದ ಸೀಸೆಗೆ ತುಂಬಿದ ಮೇಲೆ ಒಂದೂ ಕೆಡಲಿಲ್ಲ. ಮೆಂತ್ಯ, ಸಾಸಿವೆ, ಕರಿ ಎಳ್ಳು ಯಾವ ಕ್ರಮದಲ್ಲಿ, ಎಷ್ಟು ಬಣ್ಣಕ್ಕೆ ಹುರಿಯಬೇಕು ಎಂಬುದು ನಮ್ಮ ಮನೆಯೊಳಗಿನ ವಿಷಯ, ಹೇಳುವುದಿಲ್ಲ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ ಇತ್ತು. ಮನೆಯಲ್ಲಿ ಮಾಡಿ ಮಾರುವವರು ಅದನ್ನು ಬಿಡಬೇಡಿ. 2021ರ ಯುಗಾದಿಯ ಹೊತ್ತಿಗೆ ಗೊಜ್ಜು, ಸಾರಿನ ಪುಡಿ ಸೇರಿ ಖರ್ಚು ಕಳೆದು ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ಉಳಿಯುತ್ತಿತ್ತು.

ಇಲ್ಲಿಯವರೆಗಿನದು ಹಣದ ವಿಷಯ. ಹಣವನ್ನು ಒಪ್ಪಿಸುವುದು ಸುಲಭ ಎಂದು ನನಗೆ ಗೊತ್ತಾದದ್ದು 2021ರ ಮೇ ತಿಂಗಳಲ್ಲಿ.

ಹೆಂಡತಿಗೆ ಜ್ವರ ಬಂತು. ಆಕ್ಸಿಮೀಟರಿನಲ್ಲಿ ಮೊದಲು 95, ಆಮೇಲೆ 91, ಒಂದು ಸಂಜೆ 88. ಹಾಸಿಗೆ ಸಿಗಲು ಇಡೀ ರಾತ್ರಿ ಹಿಡಿಯಿತು. ಅವಳನ್ನು ಒಳಗೆ ಕಳುಹಿಸಿ ಮನೆಗೆ ಬಂದು ಬೆಳಗ್ಗೆ ಸ್ನಾನ ಮಾಡಿ ಚೀಟಿ ಬರೆಯಲು ಕೂತೆ. ಕೈ ಓಡಲಿಲ್ಲ. ಮೊತ್ತ ಏನೆಂದು ಬರೆಯುವುದು? ವಾಯಿದೆ ಯಾವುದು? ಸಾಲದ ಚೀಟಿಯಲ್ಲಿ "ಇದರ ಕೊನೆ ನಿನ್ನದು" ಎಂದು ಬರೆಯುವಾಗ ಕೊನೆ ಹೇಗಿರಬಹುದು ಎಂದು ನನಗೆ ಅಂದಾಜಿತ್ತು, ಹೆಚ್ಚೆಂದರೆ ಮನೆ ಬಿಡಬೇಕು, ಪಾತ್ರೆ ಮಾರಬೇಕು. ಇಲ್ಲಿ ಆ ಮಾತು ಬರೆದರೆ ನಾನು ಏನನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿತ್ತು. ಅವಳ ಹೆಸರು ಬರೆದು, ಕೆಳಗೆ "ಹಣ ಹೊಂದಿಸುವುದು, ದಿನಕ್ಕೆರಡು ಸಲ ಊಟ ತಲುಪಿಸುವುದು ನನ್ನದು" ಎಂದಷ್ಟೇ ಬರೆದೆ. ನಡುವಿನ ಸಾಲು ಬರೆಯಲಾಗದೆ ಖಾಲಿ ಬಿಟ್ಟೆ. ಮಗಳು ಪಕ್ಕದಲ್ಲಿ ನಿಂತಿದ್ದಳು. ಆ ಸಾಲನ್ನು ಅವಳೇ ಗಟ್ಟಿಯಾಗಿ ಹೇಳಿದಳು. ಡಬ್ಬಿಗೆ ಹಾಕುವಾಗ ಇಬ್ಬರೂ ಅಳುತ್ತಿದ್ದೆವು. ಅಳುವುದಕ್ಕೂ ವಿಶ್ವಾಸಕ್ಕೂ ವಿರೋಧವಿಲ್ಲ, ಇದನ್ನು ನಾನು ಅನುಭವದಿಂದ ಹೇಳುತ್ತೇನೆ.

ಆ ವಾರವೇ ಬೆಂಗಳೂರಿನಲ್ಲಿದ್ದ ಅಣ್ಣನೂ ಆಸ್ಪತ್ರೆ ಸೇರಿದ. ಅವನಿಗೂ ಚೀಟಿ ಇಟ್ಟೆ, ಈ ಸಲ ಮೂರು ಸಾಲನ್ನೂ ನಾನೇ ಬರೆದು ನಾನೇ ಓದಿದೆ. ಹೆಂಡತಿ ಹತ್ತು ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಖರ್ಚು ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಉಳಿದಿದ್ದ ಎರಡು ಬಳೆ ಹೋದವು, ಗೊಜ್ಜಿನ ಗಿರಾಕಿಗಳಲ್ಲಿ ಹಲವರು ಮೂರು ತಿಂಗಳ ಹಣ ಮೊದಲೇ ಕಳುಹಿಸಿದರು. ಅಣ್ಣ ಬರಲಿಲ್ಲ.

ಇದನ್ನು ಬಿಟ್ಟು ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ. ಅಂದು ನನ್ನನ್ನು ನಂಬದವರು ಮಾತ್ರವಲ್ಲ, ನಂಬಿದವರೂ ಕೇಳಿದರು: ಒಂದೇ ಡಬ್ಬಿ, ಒಂದೇ ಕೈಬರಹ, ಒಂದು ಚೀಟಿ ನಡೆಯಿತು, ಇನ್ನೊಂದು ಏಕೆ ನಡೆಯಲಿಲ್ಲ? ನಾನೂ ಚಿಕ್ಕಪ್ಪನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರಾಮಾನುಜರ ಶಿಷ್ಯ ಕೂರೇಶರ ಕಥೆ ಹೇಳಿದರು. ಉಡೈಯವರಿಗಾಗಿ (ರಾಮಾನುಜರನ್ನು ನಾವು ಕರೆಯುವುದು ಹಾಗೆ) ಕಣ್ಣು ಕಳೆದುಕೊಂಡವರು ಕೂರೇಶರು. ಕಣ್ಣು ಕೇಳಿಕೊ ಎಂದು ಆಚಾರ್ಯರೇ ಕಂಚಿಯ ವರದರಾಜನ ಮುಂದೆ ನಿಲ್ಲಿಸಿದರೂ ಅವರು ಕೇಳಿದ್ದು ತಮ್ಮ ಕಣ್ಣು ಹೋಗಲು ಕಾರಣನಾದ ನಾಲೂರಾನನಿಗೆ ಸದ್ಗತಿ. ಚಿಕ್ಕಪ್ಪ ಅದನ್ನು ವಿವರಿಸಲಿಲ್ಲ. ನಾನೂ ಇಲ್ಲಿ ವಿವರಿಸುವುದಿಲ್ಲ, ಏಕೆಂದರೆ ಅಣ್ಣನ ಸಾವಿಗೆ ನನ್ನ ಹತ್ತಿರ ವಿವರಣೆಯಿಲ್ಲ. ನಾನು ಹೇಳಬಲ್ಲದ್ದು ಇಷ್ಟೇ: ಅವನ ಚೀಟಿ ಡಬ್ಬಿಯಲ್ಲಿದ್ದ ಆ ದಿನಗಳಲ್ಲಿ ನಾನು ಆಸ್ಪತ್ರೆಯವರೊಂದಿಗೆ ಜಗಳವಾಡದೆ, ಅತ್ತಿಗೆಗೆ ಸುಳ್ಳು ಭರವಸೆ ಕೊಡದೆ, ಮಾಡಬೇಕಾದ್ದನ್ನು ಮಾಡಿದೆ. ಅವನು ಹೋದ ಮೇಲೆ ಪೆರುಮಾಳಿನ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನೂ ಅವನ ಮುಂದೆಯೇ ನಿಂತು ಹೇಳಿದೆ. ಬೇರೆಲ್ಲಿಯೂ ಹೋಗಲಿಲ್ಲ.

2022ರಲ್ಲಿ ಮದುವೆಗಳು ತುಂಬಿ ಬಂದವು. ಎರಡು ವರ್ಷ ತಡೆದುಕೊಂಡಿದ್ದವರೆಲ್ಲ ಒಟ್ಟಿಗೆ ಹೊರಟಿದ್ದರು. ನಾನು ಜನವರಿಯಲ್ಲಿ ಎಲೆಗೆ 190ರ ಲೆಕ್ಕದಲ್ಲಿ ಮಾತು ಕೊಟ್ಟಿದ್ದೆ. ಫೆಬ್ರವರಿ ಕೊನೆಗೆ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು, ಸೂರ್ಯಕಾಂತಿ ಎಣ್ಣೆ ಲೀಟರಿಗೆ 200ರ ಹತ್ತಿರ ಹೋಯಿತು, ವಾಣಿಜ್ಯ ಬಳಕೆಯ ಗ್ಯಾಸ್ ಸಿಲಿಂಡರು 2,000 ದಾಟಿತು. ಕೊಟ್ಟ ಮಾತು ಬದಲಿಸಲಿಲ್ಲ. ಆ ಋತುವಿನಲ್ಲಿ ನಲವತ್ತು ಸಾವಿರದಷ್ಟು ಕೈಯಿಂದ ಹೋಯಿತು. ಜೊತೆಯ ಅಡುಗೆಯವರು ನನಗೆ ಹುಚ್ಚು ಎಂದರು. ಆದರೆ ಆ ಮನೆಗಳಲ್ಲೇ ಮುಂದಿನ ನಾಮಕರಣ, ಗೃಹಪ್ರವೇಶ, ಷಷ್ಟ್ಯಬ್ದಿಗಳಿಗೆ ಕೇಳಿದ್ದು ನನ್ನನ್ನೇ, ಎಲೆಗೆ 260 ಕೊಟ್ಟು. ಟೆಂಪೋವನ್ನು ಮಾರಿದೆ, ಒಂದು ಲಕ್ಷ ಎಪ್ಪತ್ತರ ಮೇಲೆ ಸಿಕ್ಕಿತು, ಅದು ನೇರ ಕೈಸಾಲಕ್ಕೆ ಹೋಯಿತು. ಪಾತ್ರೆ ಮಾರು ಎಂದು ಎಲ್ಲರೂ ಹೇಳಿದ್ದರು, ಒಂದು ಸೌಟೂ ಮಾರಲಿಲ್ಲ. 2023ರ ಆಷಾಢದೊಳಗೆ ಕೈಸಾಲ, ಶ್ರಾವಣದಲ್ಲಿ ಒಡವೆ, ದೀಪಾವಳಿಗೆ ಬ್ಯಾಂಕು. ಹರಕೆಗಳನ್ನೂ ಒಂದೊಂದಾಗಿ ತೀರಿಸಿದೆ, ಹೇಳಿಕೊಂಡದ್ದನ್ನು ಬಿಡಬಾರದು.

ನಡುವೆ ಮಾಡಿ ನೋಡಿದ ಕೆಲವು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಚೀಟಿಯ ಬದಲು ಮೊಬೈಲಿನಲ್ಲಿ ಬರೆದಿಟ್ಟೆ. ಗಂಟೆಗೊಮ್ಮೆ ತೆಗೆದು ನೋಡುತ್ತಿದ್ದೆ, ಕೊಟ್ಟದ್ದನ್ನು ಗಂಟೆಗೊಮ್ಮೆ ವಾಪಸು ಇಸಿದುಕೊಂಡ ಹಾಗಾಯಿತು. ಕಾಗದವೇ ಸರಿ. ಸಂಜೆ ದೀಪ ಹಚ್ಚುವಾಗ ಓದಿ ನೋಡಿದೆ. ಓದಿದ ಮೇಲೆ ಮಾಡಲು ಕೆಲಸ ಉಳಿದಿರುವುದಿಲ್ಲ, ಹಾಗಾಗಿ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ. ಬೆಳಗ್ಗೆಯೇ ಒಳ್ಳೆಯದು. ಪ್ರತಿ ಸಣ್ಣ ವಿಷಯಕ್ಕೂ ಚೀಟಿ ಬರೆದ ಒಂದು ಕಾಲವಿತ್ತು, ಬಾಳೆ ಎಲೆ ಸಮಯಕ್ಕೆ ಬರಲಿ ಎಂಬುದಕ್ಕೂ. ಡಬ್ಬಿ ತುಂಬಿತು, ಭಾರ ಇಳಿಯಲಿಲ್ಲ. ರಾತ್ರಿ ನಿದ್ದೆ ಕೆಡಿಸುವ ವಿಷಯಕ್ಕೆ ಮಾತ್ರ ಚೀಟಿ ಎಂದು ಈಗ ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಸಂತೋಷ ಕೊಟ್ಟ ಪ್ರಯೋಗ ನನ್ನದಲ್ಲ, ನನ್ನ ಜೊತೆ ಹದಿನೈದು ವರ್ಷದಿಂದ ಇರುವ ಸಹಾಯಕನದು. ಅವನು ಚಾಮರಾಜನಗರದ ಕಡೆಯವನು, ಮಾದಪ್ಪನ ಒಕ್ಕಲು, ಓದು ಬರಹ ಇಲ್ಲ. ನಾನು ಮಾಡುವುದನ್ನು ನೋಡಿ ಅವನು ಒಂದೊಂದು ಕಷ್ಟಕ್ಕೆ ಒಂದೊಂದು ಹುಣಸೆ ಬೀಜ ಹಿಡಿದು, ಮಲೆಯ ದಿಕ್ಕಿಗೆ ತಿರುಗಿ ಗಟ್ಟಿಯಾಗಿ ಹೇಳಿ, ಮಡಕೆಗೆ ಹಾಕತೊಡಗಿದ. ಮಗಳ ಮದುವೆಯ ಬೀಜ ತಿಂಗಳುಗಟ್ಟಲೆ ಇತ್ತು. ಮದುವೆ ಆಯಿತು, ಅಡುಗೆ ನಾವೇ ಮಾಡಿಕೊಟ್ಟೆವು. ನನಗಿಂತ ಬೇಗ ಅವನಿಗೆ ಇದು ಕೈಹಿಡಿಯಿತು. ಹಾಕಿದ ಬೀಜವನ್ನು ಒಮ್ಮೆಯೂ ಅವನು ಕೆದಕಿದವನಲ್ಲ. ಉಡೈಯವರು ತಿರುಕ್ಕುಲದವರನ್ನು, ಅಂದರೆ ಅಸ್ಪೃಶ್ಯರೆನಿಸಿಕೊಂಡಿದ್ದವರನ್ನು, ಮೇಲುಕೋಟೆಯ ದೇವಾಲಯದೊಳಗೆ ಕರೆದುಕೊಂಡ ಪರಂಪರೆ ನಮ್ಮದು. ಈ ದಾರಿಗೆ ಜಾತಿ, ಓದು, ಭಾಷೆ ಕೇಳುವವರು ಅದನ್ನು ಮರೆಯಬಾರದು.

ಹೊಸದಾಗಿ ಹಿಡಿಯುವವರು ದೊಡ್ಡ ವಿಷಯದಿಂದ ಶುರುಮಾಡಬೇಡಿ. ಒಂದು ಬಾಕಿ, ಒಬ್ಬ ಮನುಷ್ಯ, ಒಂದು ವಾಯಿದೆ, ಇಷ್ಟು ಸಾಕು. ಕೈಯ ಕೆಲಸ ಬರೆಯದೆ ಚೀಟಿ ಇಟ್ಟವರನ್ನು ಮೂರು ನಾಲ್ಕು ಜನರನ್ನು ನೋಡಿದ್ದೇನೆ, ಅವರೆಲ್ಲ ಎರಡು ತಿಂಗಳಲ್ಲಿ ಬಿಟ್ಟರು. ಕೆಲಸವನ್ನಷ್ಟೇ ಬರೆದು ಫಲವನ್ನು ತಾವೇ ಇಟ್ಟುಕೊಂಡವರು ಬಿಡುವುದಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದೆ. ನನ್ನ ಭಾವಮೈದುನ ಈಗಲೂ ಇದನ್ನೆಲ್ಲ ಮನಸ್ಸಿನ ಸಮಾಧಾನ ಎನ್ನುತ್ತಾನೆ. ಹೋದ ವರ್ಷ ಅವನ ಕೆಲಸಕ್ಕೆ ಕುತ್ತು ಬಂದಾಗ, ಚೀಟಿ ಯಾವ ಅಳತೆಯ ಕಾಗದದಲ್ಲಿ ಬರೆಯಬೇಕು ಎಂದು ಕೇಳಿದ. ಯಾವುದಾದರೂ ಆದೀತು, ದಿನಸಿ ಚೀಟಿಯ ಹಿಂಬದಿಯೇ ನನಗೆ ಒಗ್ಗಿದೆ ಎಂದೆ.

ಕೊನೆಯದಾಗಿ ಪದೇಪದೇ ಬರುವ ಪ್ರಶ್ನೆ: ಸೂತಕದಲ್ಲಿ ಚೀಟಿ ಇಡಬಹುದೇ? ತಿರುವಾರಾಧನೆ ಆ ಹತ್ತು ದಿನ ಇಲ್ಲ, ಅದರಲ್ಲಿ ರಾಜಿ ಬೇಡ. ಆದರೆ ಪ್ರಪತ್ತಿಗೆ ದೇಶ, ಕಾಲ, ಶುದ್ಧಿಯ ನಿಯಮವಿಲ್ಲ ಎಂದು ನಮ್ಮ ಆಚಾರ್ಯರು ಖಚಿತವಾಗಿ ಹೇಳಿದ್ದಾರೆ. ದ್ರೌಪದಿ ಸಭೆಯಲ್ಲಿ ಕೂಗಿದಾಗ ಅವಳು ಸ್ನಾನ ಮಾಡಿ ಶುದ್ಧಳಾಗಿ ನಿಂತವಳಲ್ಲ. ಅಣ್ಣನ ಸೂತಕದ ನಡುವೆಯೇ ನಾನು ಅತ್ತಿಗೆ ಮತ್ತು ಅವರ ಮಗನ ಚೀಟಿ ಬರೆದು, ದೇವರ ಮನೆಗೆ ಹೋಗದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದೆ. ಅಣ್ಣನ ವಿಮೆಯ ಹಣ ವರ್ಷದೊಳಗೆ ಬಂತು. ಹುಡುಗನ ಎಂಜಿನಿಯರಿಂಗ್ ಇನ್ನೂ ಮುಗಿದಿಲ್ಲ, ಹಾಗಾಗಿ ಆ ಚೀಟಿಯನ್ನು ನಾನು ತೆಗೆದಿಲ್ಲ.